ಚಾರ್ಲಿ ಡೇನಿಯಲ್ಸ್ ಯಾರ ಕಡೆ ಇದ್ದರು?

2023ರ ಜುಲೈನಲ್ಲಿ ಅಮೆರಿಕದ ಸಂಗೀತ ಚಾನೆಲ್ ಸಿಎಂಟಿ ಒಂದು ಕಂಟ್ರಿ (ಅಲ್ಲಿನ ಹಳ್ಳಿಗಾಡಿನ ಧಾಟಿಯ) ಹಾಡಿನ ವಿಡಿಯೊ ಹಾಕುವುದನ್ನು ನಿಲ್ಲಿಸಿತು. ಹಾಡಿದವರು ಜೇಸನ್ ಆಲ್ಡೀನ್. ದೊಡ್ಡ ಪಟ್ಟಣದ ಗಲಾಟೆ ನಮ್ಮ ಸಣ್ಣ ಊರಲ್ಲಿ ನಡೆಯಲ್ಲ, ಬೇಕಾದರೆ ಬಂದು ನೋಡಿ ಎಂದು ಹೆದರಿಸುವ ಹಾಡು ಅದು. ಚಿತ್ರೀಕರಣ ನಡೆದದ್ದು ಟೆನೆಸ್ಸಿಯ ಕೊಲಂಬಿಯಾ ಊರಿನ ಕೋರ್ಟ್ ಕಟ್ಟಡದ ಮುಂದೆ. 1927ರಲ್ಲಿ ಹೆನ್ರಿ ಚೋಟ್ ಎಂಬ ಕಪ್ಪು ಹುಡುಗನನ್ನು ಜನರ ಗುಂಪು ನೇತುಹಾಕಿದ್ದು ಅದೇ ಕಟ್ಟಡದಲ್ಲಿ. ವಿಡಿಯೊ ನಿಂತಿತು. ಹಾಡು ಮಾತ್ರ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೆ ಹೋಗಿ ಕೂತಿತು.

ಮರುವರ್ಷ ಬಿಯಾನ್ಸೆ 'ಕೌಬಾಯ್ ಕಾರ್ಟರ್' ಎಂಬ ಆಲ್ಬಂ ತಂದರು. ಅದರ ಒಂದು ಹಾಡು ಬಿಲ್‌ಬೋರ್ಡ್‌ನ ಕಂಟ್ರಿ ಪಟ್ಟಿಯಲ್ಲಿ ಮೊದಲನೆಯದಾಯಿತು. ಕಪ್ಪು ಮಹಿಳೆಯೊಬ್ಬರು ಅಲ್ಲಿಗೆ ತಲುಪಿದ್ದು ಅದೇ ಮೊದಲು. ಆದರೆ ಒಕ್ಲಹೋಮಾದ ಒಂದು ರೇಡಿಯೊ ಸ್ಟೇಷನ್, ನಮ್ಮದು ಕಂಟ್ರಿ ಸ್ಟೇಷನ್, ಬಿಯಾನ್ಸೆ ಹಾಡು ಹಾಕಲ್ಲ ಅಂದಿತು. ಅಭಿಮಾನಿಗಳು ಮುಗಿಬಿದ್ದ ಮೇಲೆ ಹಾಕಿತು. ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್‌ನ ಆ ವರ್ಷದ ಪ್ರಶಸ್ತಿಗಳಲ್ಲಿ ಆ ಆಲ್ಬಂಗೆ ಒಂದು ನಾಮನಿರ್ದೇಶನವೂ ಸಿಗಲಿಲ್ಲ. 2025ರ ಫೆಬ್ರವರಿಯಲ್ಲಿ ವರ್ಷದ ಆಲ್ಬಂ ಎಂಬ ಗ್ರ್ಯಾಮಿ ಅದಕ್ಕೇ ಬಂತು.

ಕಂಟ್ರಿ ಯಾರ ಸಂಗೀತ ಎಂಬ ಈ ಜಗಳದಲ್ಲಿ ಎರಡೂ ಕಡೆಯವರು ಒಂದು ಮಾತನ್ನು ಸುಮ್ನೆ ಒಪ್ಪಿಕೊಂಡುಬಿಡುತ್ತಾರೆ. ಇದು ಹುಟ್ಟಿನಿಂದಲೇ ಬಿಳಿಯರ, ಹಳ್ಳಿಯವರ, ಬಲಪಂಥದವರ ಸಂಗೀತ ಅಂತ. ಒಬ್ಬರು ಅದನ್ನು ಹೆಮ್ಮೆಯಿಂದ ಹೇಳುತ್ತಾರೆ, ಇನ್ನೊಬ್ಬರು ಬೇಸರದಿಂದ. ನನಗೆ ಆ ಮಾತೇ ತಪ್ಪು ಅನಿಸುತ್ತದೆ. ಕಂಟ್ರಿಗೆ ಈಗ ಇರುವ ರಾಜಕೀಯ ಹುಟ್ಟಿನಿಂದ ಬಂದದ್ದಲ್ಲ, ನಮ್ಮ ಕಣ್ಣೆದುರಿಗೇ ಕೆಲವು ದಶಕಗಳಲ್ಲಿ ತಯಾರಾದದ್ದು. ಅದು ಹೇಗೆ ತಯಾರಾಯಿತು ಎಂದು ಒಬ್ಬ ಮನುಷ್ಯನ ಬದುಕಲ್ಲಿ ನೋಡಬೇಕಾದರೆ ಚಾರ್ಲಿ ಡೇನಿಯಲ್ಸ್ ಅವರನ್ನು ನೋಡಬೇಕು. 2020ರ ಜುಲೈ 6ರಂದು, 83ನೇ ವಯಸ್ಸಿನಲ್ಲಿ, ಪಾರ್ಶ್ವವಾಯು ಬಡಿದು ಅವರು ತೀರಿಕೊಂಡರು. ಸದರ್ನ್ ರಾಕ್ (ಅಮೆರಿಕದ ದಕ್ಷಿಣ ರಾಜ್ಯಗಳ ರಾಕ್) ಮತ್ತು ಕಂಟ್ರಿ ಎರಡರಲ್ಲೂ ಅವರ ಹೆಸರಿದೆ. ಅಗಲ ಹ್ಯಾಟ್, ಬಿಳಿ ಗಡ್ಡ, ದೊಡ್ಡ ಮೈ, ಕೈಯಲ್ಲಿ ಪಿಟೀಲು. ಬಹಳ ಜನಕ್ಕೆ ಅವರು ಒಂದೇ ಹಾಡಿನ ಮನುಷ್ಯ. ಕೊನೆಯ ವರ್ಷಗಳಲ್ಲಿ ಟ್ವಿಟರ್ ನೋಡಿದವರಿಗೆ ಸಿಟ್ಟಿನ ಅಜ್ಜ. ಎರಡೂ ನಿಜ, ಎರಡೂ ಸಾಲದು.

ಹುಟ್ಟಿದ್ದು 1936ರ ಅಕ್ಟೋಬರ್ 28ರಂದು, ನಾರ್ತ್ ಕ್ಯಾರೊಲೈನಾದ ವಿಲ್ಮಿಂಗ್ಟನ್‌ನಲ್ಲಿ. ತಂದೆಗೆ ಮರದ ವ್ಯಾಪಾರಕ್ಕೆ ಸೇರಿದ ಕೆಲಸ. ಬೆಳೆದದ್ದು ಆ ರಾಜ್ಯದ ನಡುಭಾಗದ ಗಲ್ಫ್ ಎಂಬ ಸಣ್ಣ ಊರಲ್ಲಿ. ಗಿಟಾರ್, ಮ್ಯಾಂಡೊಲಿನ್, ಪಿಟೀಲು ಎಲ್ಲ ಅಲ್ಲೇ ಕೈಗೆ ಬಂದವು. ಕೇಳುತ್ತಿದ್ದದ್ದು ರೇಡಿಯೊದಲ್ಲಿ ಬರುತ್ತಿದ್ದ ಬ್ಲೂಗ್ರಾಸ್ (ಪಿಟೀಲು, ಮ್ಯಾಂಡೊಲಿನ್‌ನ ವೇಗದ ಹಳ್ಳಿ ಸಂಗೀತ), ಚರ್ಚಿನ ಹಾಡು, ಕಪ್ಪು ಜನರ ಬ್ಲೂಸ್. ಮೊದಲು ಸೇರಿದ್ದು ಒಂದು ಬ್ಲೂಗ್ರಾಸ್ ತಂಡ. ಆಮೇಲೆ ಎಲ್ವಿಸ್ ಪ್ರೆಸ್ಲಿ ಬಂದರು, ಆ ಕಾಲದ ಎಲ್ಲ ಹುಡುಗರಂತೆ ಇವರ ತಲೆಯೂ ಕೆಟ್ಟಿತು. ಜಾಗ್ವಾರ್ಸ್ ಎಂಬ ರಾಕ್ ತಂಡ ಕಟ್ಟಿಕೊಂಡು ಕ್ಲಬ್‌ಗಳಲ್ಲಿ ವರ್ಷಗಟ್ಟಲೆ ನುಡಿಸಿದರು. 1959ರಲ್ಲಿ ಟೆಕ್ಸಸ್‌ನಲ್ಲಿ ಒಂದು ರೆಕಾರ್ಡ್ ಮಾಡಿದಾಗ ಬಾಬ್ ಜಾನ್ಸ್ಟನ್ ಎಂಬ ನಿರ್ಮಾಪಕರ ಪರಿಚಯವಾಯಿತು. ಅವರ ಮುಂದಿನ ಬದುಕೆಲ್ಲ ಈ ಪರಿಚಯದಿಂದ ತಿರುಗಿತು.

ಪಿಟೀಲಿನ ಬಗ್ಗೆ ಇಲ್ಲೇ ಒಂದು ಮಾತು. ನಮ್ಮ ಕಛೇರಿಗಳಲ್ಲಿ ಮಡಿಲಿನ ಕಡೆಗೆ ವಾಲಿಸಿ, ನೆಲದ ಮೇಲೆ ಕೂತು ನುಡಿಸುವ ಪಿಟೀಲು ಮತ್ತು ಇವರ ಕೈಯಲ್ಲಿದ್ದ ಫಿಡಲ್ ಒಂದೇ ವಾದ್ಯ. ಗಾತ್ರ, ತಂತಿ ಎಲ್ಲ ಅದೇ. ನುಡಿಸುವ ಬಗೆ ಬೇರೆ. ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣದ ಹಳ್ಳಿಗಳಲ್ಲಿ ಅದು ಕುಣಿತದ ವಾದ್ಯ. ಗಮಕಕ್ಕಿಂತ ತಾಳ ಮುಖ್ಯ, ಎಡಗೈಗಿಂತ ಬಲಗೈಗೆ ಕೆಲಸ ಜಾಸ್ತಿ. ಡೇನಿಯಲ್ಸ್ ಕಮಾನನ್ನು ಎಷ್ಟು ಜೋರಾಗಿ ಎಳೆಯುತ್ತಿದ್ದರು ಎಂದರೆ ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಅದರ ಕೂದಲು ಹರಿದು ಎಳೆಎಳೆಯಾಗಿ ನೇತಾಡುತ್ತಿತ್ತು.

ಬಾಬ್ ಜಾನ್ಸ್ಟನ್ ಜೊತೆ ಸೇರಿ ಡೇನಿಯಲ್ಸ್ ಬರೆದ 'ಇಟ್ ಹರ್ಟ್ಸ್ ಮಿ' ಹಾಡನ್ನು 1964ರಲ್ಲಿ ಎಲ್ವಿಸ್ ಹಾಡಿದರು. 1967ರಲ್ಲಿ ಜಾನ್ಸ್ಟನ್ ಅವರೇ ಇವರನ್ನು ಕಂಟ್ರಿ ರೆಕಾರ್ಡಿಂಗ್‌ನ ಕೇಂದ್ರವಾದ ನ್ಯಾಶ್‌ವಿಲ್‌ಗೆ ಕರೆಸಿಕೊಂಡರು. ಆಗ ಜಾನ್ಸ್ಟನ್ ಕೈಯಲ್ಲಿ ಬಾಬ್ ಡಿಲನ್, ಲಿಯೊನಾರ್ಡ್ ಕೋಹೆನ್, ಜಾನಿ ಕ್ಯಾಶ್ ಎಲ್ಲರ ರೆಕಾರ್ಡಿಂಗ್ ಇತ್ತು. 1969ರ ಆರಂಭದಲ್ಲಿ ಡಿಲನ್ 'ನ್ಯಾಶ್‌ವಿಲ್ ಸ್ಕೈಲೈನ್' ರೆಕಾರ್ಡ್ ಮಾಡುತ್ತಿದ್ದರು. ಒಬ್ಬ ಗಿಟಾರ್ ವಾದಕರಿಗೆ ಒಂದು ಹೊತ್ತು ಬಿಡುವಿರಲಿಲ್ಲ. ಆ ಹೊತ್ತಿನ ಮಟ್ಟಿಗೆ ಡೇನಿಯಲ್ಸ್ ಹೋಗಿ ನುಡಿಸಿದರು. ಮುಗಿಸಿ ಗಿಟಾರ್ ಪೆಟ್ಟಿಗೆಗೆ ಹಾಕಿಕೊಳ್ಳುತ್ತಿರುವಾಗ, ಬೇರೆಯವರು ಯಾಕೆ, ಇವರೇ ಇರಲಿ ಎಂದು ಡಿಲನ್ ಹೇಳಿದರಂತೆ. ಇದನ್ನು ಡೇನಿಯಲ್ಸ್ ಜೀವನವಿಡೀ ಹೇಳಿಕೊಂಡರು, ಹೇಳಿಕೊಳ್ಳುವಂಥದ್ದೇ. ಡಿಲನ್ ಅವರ ಮುಂದಿನ ಎರಡು ಆಲ್ಬಂಗಳಲ್ಲೂ ಇವರಿದ್ದಾರೆ. ಕೋಹೆನ್ ಜೊತೆ 1970ರಲ್ಲಿ ಯುರೋಪ್ ಸುತ್ತಿದರು, ಇಂಗ್ಲೆಂಡಿನ ಐಲ್ ಆಫ್ ವೈಟ್ ಉತ್ಸವದಲ್ಲಿ ಲಕ್ಷಾಂತರ ಜನರ ಮುಂದೆ ನುಡಿಸಿದರು. ಬೀಟಲ್ಸ್‌ನ ರಿಂಗೊ ಸ್ಟಾರ್ ಕಂಟ್ರಿ ಆಲ್ಬಂ ಮಾಡಲು ನ್ಯಾಶ್‌ವಿಲ್‌ಗೆ ಬಂದಾಗ ಅಲ್ಲೂ ಇವರೇ. ಕ್ಯಾಲಿಫೋರ್ನಿಯಾದ ಹಿಪ್ಪಿ ತಂಡ ಯಂಗ್‌ಬ್ಲಡ್ಸ್‌ನ ಒಂದು ಆಲ್ಬಂಗೆ ನಿರ್ಮಾಪಕರೂ ಆದರು.

ಮರದ ವ್ಯಾಪಾರದ ಮನೆಯ ಹುಡುಗ, ಯಹೂದಿ ಕವಿಗಾಯಕರ ಪಕ್ಕ, ಉದ್ದ ಕೂದಲಿನ ಹಿಪ್ಪಿಗಳ ನಡುವೆ. ಆ ಕಾಲದ ನ್ಯಾಶ್‌ವಿಲ್‌ನಲ್ಲಿ ಇದು ದೊಡ್ಡ ವಿಚಿತ್ರವೇನಲ್ಲ. ಸ್ಟುಡಿಯೊದಲ್ಲಿ ಕೂಲಿಗೆ ನುಡಿಸುವವರು ಯಾರು ಕರೆದರೂ ಹೋಗುತ್ತಿದ್ದರು. ಆದರೆ ಡೇನಿಯಲ್ಸ್ ಅಚ್ಚುಕಟ್ಟಾದ ನ್ಯಾಶ್‌ವಿಲ್ ವಾದಕ ಅಲ್ಲ. ಶಬ್ದ ಜಾಸ್ತಿ, ಒರಟು ಜಾಸ್ತಿ. ಅದಕ್ಕೇ ಅವರಿಗೆ ಸರಿಯಾದ ಜಾಗ ಸಿಕ್ಕಿದ್ದು ಸ್ಟುಡಿಯೊದಲ್ಲಿ ಅಲ್ಲ, ಸದರ್ನ್ ರಾಕ್‌ನಲ್ಲಿ.

ಸದರ್ನ್ ರಾಕ್ ಎಂದರೆ ಆಲ್‌ಮನ್ ಬ್ರದರ್ಸ್ ತಂಡದಿಂದ ಶುರು ಮಾಡಬೇಕು. 1969ರಲ್ಲಿ ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ ಕಟ್ಟಿದ ತಂಡ, ಆಮೇಲೆ ಜಾರ್ಜಿಯಾದ ಮೇಕನ್‌ಗೆ ಬಂದು ನೆಲೆಸಿತು. ಎರಡು ಗಿಟಾರ್ ಒಟ್ಟಿಗೆ ಹಾಡುವುದು, ಎರಡು ಡ್ರಮ್ ಸೆಟ್, ಬ್ಲೂಸ್, ಜಾಝ್, ಕಂಟ್ರಿ ಎಲ್ಲ ಕಲಸಿದ ಉದ್ದುದ್ದ ವಾದನ. ಡ್ರಮ್ ನುಡಿಸುತ್ತಿದ್ದ ಇಬ್ಬರಲ್ಲಿ ಜೈಮೊ ಕಪ್ಪು ವರ್ಣದವರು. ವರ್ಣಭೇದದ ಕಾನೂನು ಹೋಗಿ ಆಗಿನ್ನೂ ಐದು ವರ್ಷ. ಕಪ್ಪು ಬಿಳಿ ಸಂಗೀತಗಾರರು ಒಂದೇ ವ್ಯಾನ್‌ನಲ್ಲಿ ದಕ್ಷಿಣದ ಊರೂರು ತಿರುಗುವುದೇ ಆಗ ಒಂದು ರಾಜಕೀಯ. ಕೆಲವೇ ವರ್ಷಗಳಲ್ಲಿ ಲಿನರ್ಡ್ ಸ್ಕಿನರ್ಡ್ ತಂಡ ವೇದಿಕೆಯ ಹಿಂದೆ ಕಾನ್ಫೆಡರೇಟ್ ಬಾವುಟ ಕಟ್ಟುತ್ತಿತ್ತು. ಗುಲಾಮಗಿರಿ ಉಳಿಸಿಕೊಳ್ಳಲು ಯುದ್ಧ ಮಾಡಿದವರ ಬಾವುಟ ಅದು. ಸದರ್ನ್ ರಾಕ್‌ಗೆ ಈ ಎರಡು ಮುಖ ಮೊದಲಿನಿಂದಲೂ ಇತ್ತು.

ಡೇನಿಯಲ್ಸ್ ಅವರ ಮೊದಲ ದೊಡ್ಡ ಹಾಡು ಬಂದದ್ದು 1973ರಲ್ಲಿ. ಹೆಸರು 'ಅನೀಸಿ ರೈಡರ್'. ಹಾಡುವುದಕ್ಕಿಂತ ಕಥೆ ಹೇಳಿದಂತೆ ಇದೆ. ಉದ್ದ ಕೂದಲಿನ ಹಿಪ್ಪಿಯೊಬ್ಬನ ಕಾರಿನ ಟೈರ್ ಮಿಸಿಸಿಪಿಯ ಜ್ಯಾಕ್ಸನ್‌ನಲ್ಲಿ ಪಂಕ್ಚರ್ ಆಗುತ್ತದೆ. ಕೂದಲನ್ನು ಹ್ಯಾಟ್ ಒಳಗೆ ತುರುಕಿಕೊಂಡು ಅಲ್ಲಿನ ಬಾರ್‌ಗೆ ಹೋಗುತ್ತಾನೆ. ಊರಿನ ಗಟ್ಟಿಗರು ಬಂದು ಹ್ಯಾಟ್ ತೆಗೆಸುತ್ತಾರೆ. ಹೊಡೆತ ಬೀಳುವುದು ಗ್ಯಾರಂಟಿ. ಆಗ ಅವನು ಆ ಗುಂಪಿನಲ್ಲೇ ಒಬ್ಬನ ಕಡೆ ಬೆರಳು ತೋರಿಸಿ, ಇವನು ಕೂ ಕ್ಲಕ್ಸ್ ಕ್ಲಾನ್ ಎಂಬ ಬಿಳಿಯರ ದ್ವೇಷದ ಗುಂಪಿನೊಳಗೆ ಸೇರಿಕೊಂಡಿರುವ ಎಫ್‌ಬಿಐ ಗೂಢಚಾರ, ಎಡಪಂಥದವರಿಗೆ ವೋಟು ಹಾಕಿದವನು ಎಂದು ಕೂಗುತ್ತಾನೆ. ಅವರವರಲ್ಲೇ ಜಗಳ ಹತ್ತಿಸಿ ಕಾರು ಹತ್ತಿ ಪರಾರಿ. ಹಾಡು ಪಾಪ್ ಪಟ್ಟಿಯಲ್ಲಿ 9ನೇ ಸ್ಥಾನಕ್ಕೆ ಬಂತು. ಕೇಳುಗ ಇಲ್ಲಿ ನಗುವುದು ಯಾರ ಮೇಲೆ ಎಂಬುದರಲ್ಲಿ ಅನುಮಾನವೇ ಇಲ್ಲ. ದಕ್ಷಿಣದ ಬಿಳಿಯ ಒರಟರ ಮೇಲೆ. ನಗಿಸುತ್ತಿರುವವನೂ ದಕ್ಷಿಣದ ಬಿಳಿಯನೇ.

1974ರ 'ಫೈರ್ ಆನ್ ದ ಮೌಂಟನ್' ಅವರ ಅತ್ಯುತ್ತಮ ಆಲ್ಬಂ ಅಂತ ನನ್ನ ಲೆಕ್ಕ. ಅದರಲ್ಲಿ 'ದ ಸೌತ್ಸ್ ಗೊನ್ನಾ ಡು ಇಟ್' ಎಂಬ ಹಾಡಿದೆ. ದಕ್ಷಿಣದವರು ಮತ್ತೆ ಗೆದ್ದು ತೋರಿಸುತ್ತೇವೆ ಎಂದು ಕೇಳಿದರೆ ಅಂತರ್ಯುದ್ಧದ ನೆನಪು ಬರುತ್ತದೆ ಅಲ್ವಾ? ಆದರೆ ಹಾಡಿನೊಳಗೆ ಇರುವುದು ಬರೀ ಸಂಗೀತ ತಂಡಗಳ ಹೆಸರು. ಗ್ರೈಂಡರ್‌ಸ್ವಿಚ್, ಝೀ ಝೀ ಟಾಪ್, ಲಿನರ್ಡ್ ಸ್ಕಿನರ್ಡ್, ವೆಟ್ ವಿಲ್ಲಿ, ಡಿಕಿ ಬೆಟ್ಸ್. ಗೆಳೆಯರ ಹಾಜರಿ ಕರೆದಂತಿದೆ. ಆದರೂ ಕೂ ಕ್ಲಕ್ಸ್ ಕ್ಲಾನ್ 1975ರಲ್ಲಿ ಲೂಯಿಸಿಯಾನದಲ್ಲಿ ತನ್ನ ಸಭೆಯ ರೇಡಿಯೊ ಜಾಹೀರಾತಿಗೆ ಈ ಹಾಡನ್ನೇ ಹಾಕಿಕೊಂಡಿತು. ಡೇನಿಯಲ್ಸ್ ಕೆರಳಿದರು. ದಕ್ಷಿಣದ ಬಗ್ಗೆ ನನಗೆ ಹೆಮ್ಮೆಯಿದೆ, ಕ್ಲಾನ್ ಬಗ್ಗೆ ಖಂಡಿತ ಇಲ್ಲ, ದ್ವೇಷದ ಗುಂಪುಗಳಿಗಾಗಿ ಇದನ್ನು ಬರೆದಿಲ್ಲ ಎಂದು ಪತ್ರಿಕೆಗೆ ಬಹಿರಂಗವಾಗಿ ಹೇಳಿದರು. ಆ ಮಾತಿನಲ್ಲಿ ಕಪಟ ಇತ್ತು ಅಂತ ನನಗನಿಸುವುದಿಲ್ಲ. ಆದರೆ ಕ್ಲಾನ್‌ಗೆ ಈ ಹಾಡು ಬೇಕಾಯಿತು ಎಂಬುದೂ ಸುಮ್ನೆ ಆದದ್ದಲ್ಲ. 'ನಾವು' ಎಂದು ಎದೆತಟ್ಟಿ ಹೇಳುವ ಹಾಡಿನಲ್ಲಿ ಆ 'ನಾವು' ಯಾರೆಂದು ಬಿಡಿಸಿ ಹೇಳದಿದ್ದರೆ, ಯಾರು ಬೇಕಾದರೂ ಬಂದು ಒಳಗೆ ಕೂರಬಹುದು.

ಅದೇ 1974ರ ಅಕ್ಟೋಬರ್‌ನಲ್ಲಿ ನ್ಯಾಶ್‌ವಿಲ್‌ನ ವಾರ್ ಮೆಮೋರಿಯಲ್ ಸಭಾಂಗಣದಲ್ಲಿ 'ವಾಲಂಟಿಯರ್ ಜ್ಯಾಮ್' ಶುರುವಾಯಿತು. ಮೂಲ ಉದ್ದೇಶ ಆಲ್ಬಂಗೆ ಎರಡು ಹಾಡು ಜನರ ಮುಂದೆ ರೆಕಾರ್ಡ್ ಮಾಡುವುದು. ಅದು ಬೆಳೆದು ದಶಕಗಳ ಕಾಲ ನಡೆದ ಹಬ್ಬವಾಯಿತು. ಹಳೆಯ ಕಂಟ್ರಿಯ ರಾಯ್ ಅಕಫ್ ಅವರೂ ಬಂದರು, ಜೇಮ್ಸ್ ಬ್ರೌನ್ ಅವರೂ ಬಂದರು. ಯಾರ ನಂತರ ಯಾರು ವೇದಿಕೆಗೆ ಬರುತ್ತಾರೆ ಎಂದು ಮೊದಲೇ ಹೇಳುತ್ತಿರಲಿಲ್ಲ.

1976ರಲ್ಲಿ ಜಾರ್ಜಿಯಾದ ಮಾಜಿ ಗವರ್ನರ್ ಜಿಮ್ಮಿ ಕಾರ್ಟರ್ ಅಧ್ಯಕ್ಷ ಪದವಿಗೆ ನಿಂತರು. ಕೈಯಲ್ಲಿ ದುಡ್ಡಿರಲಿಲ್ಲ. ಆಲ್‌ಮನ್ ಬ್ರದರ್ಸ್ ಮತ್ತು ಅವರ ರೆಕಾರ್ಡ್ ಕಂಪನಿ ಕ್ಯಾಪ್ರಿಕಾರ್ನ್ ಸಂಗೀತ ಕಾರ್ಯಕ್ರಮ ನಡೆಸಿ ಹಣ ಎತ್ತಿಕೊಟ್ಟವು. ಡೇನಿಯಲ್ಸ್ ಕೂಡ ಕಾರ್ಟರ್ ಪರ ನುಡಿಸಿದರು. ಗೆದ್ದ ಮೇಲೆ ಪದವಿ ಸ್ವೀಕಾರದ ಸಂಭ್ರಮಕ್ಕೂ ಹೋದರು. ಡೆಮಾಕ್ರಟಿಕ್ ಪಕ್ಷ, ಉದ್ದ ಕೂದಲು, ಜೋರು ಗಿಟಾರ್, ದಕ್ಷಿಣದ ಹೆಮ್ಮೆ ಎಲ್ಲ ಒಂದೇ ವೇದಿಕೆಯಲ್ಲಿ. ಇವತ್ತು ಊಹಿಸುವುದೇ ಕಷ್ಟ. ಆ ಚುನಾವಣೆಯಲ್ಲಿ ಹಳೆಯ ಕಾನ್ಫೆಡರೇಟ್ ರಾಜ್ಯಗಳಲ್ಲಿ ವರ್ಜೀನಿಯಾ ಒಂದನ್ನು ಬಿಟ್ಟು ಎಲ್ಲವೂ ಕಾರ್ಟರ್ ಪಾಲಾದವು.

ಇನ್ನು ಆ ಒಂದು ಹಾಡು. 1979ರ 'ಮಿಲಿಯನ್ ಮೈಲ್ ರಿಫ್ಲೆಕ್ಷನ್ಸ್' ಆಲ್ಬಂಗೆ ಹಾಡುಗಳೆಲ್ಲ ಹೆಚ್ಚುಕಡಿಮೆ ತಯಾರಾಗಿದ್ದವು. ಪಿಟೀಲಿನ ಹಾಡೇ ಇಲ್ಲವಲ್ಲ ಎಂದು ಆಗ ಹೊಳೆಯಿತು ಎಂದು ಅವರೇ ಹೇಳಿದ್ದಾರೆ. ಕೂತು ಮಾಡಿದ್ದು 'ದ ಡೆವಿಲ್ ವೆಂಟ್ ಡೌನ್ ಟು ಜಾರ್ಜಿಯಾ'. ಆತ್ಮಗಳನ್ನು ಹುಡುಕಿಕೊಂಡು ಸೈತಾನ ಜಾರ್ಜಿಯಾಕ್ಕೆ ಬರುತ್ತಾನೆ. ಜಾನಿ ಎಂಬ ಹುಡುಗ ಪಿಟೀಲು ನುಡಿಸುತ್ತಿರುತ್ತಾನೆ. ಪಂದ್ಯ ಕಟ್ಟುತ್ತಾರೆ. ಸೋತರೆ ಜಾನಿಯ ಆತ್ಮ ಸೈತಾನನಿಗೆ, ಗೆದ್ದರೆ ಚಿನ್ನದ ಪಿಟೀಲು ಜಾನಿಗೆ. ಕಥೆಯ ಬೀಜ ಸ್ಟೀಫನ್ ವಿನ್ಸೆಂಟ್ ಬೆನೆ 1925ರಲ್ಲಿ ಬರೆದ, ಜಾರ್ಜಿಯಾದ ಪಿಟೀಲು ಸ್ಪರ್ಧೆಯ ಕವಿತೆಯಿಂದ ಬಂದದ್ದು. ಧಾಟಿಯ ಬೇರು ವ್ಯಾಸರ್ ಕ್ಲೆಮೆಂಟ್ಸ್ ಎಂಬ ದೊಡ್ಡ ಪಿಟೀಲುಗಾರರ ಒಂದು ವಾದನದಲ್ಲಿದೆ. ಆ ರೆಕಾರ್ಡ್‌ನಲ್ಲಿ ಡೇನಿಯಲ್ಸ್ ಗಿಟಾರ್ ನುಡಿಸಿದ್ದರು.

ಈ ಹಾಡನ್ನು ಕಿವಿಗೊಟ್ಟು ಕೇಳಿದರೆ ಒಂದು ತಮಾಷೆ ಇದೆ. ಸೈತಾನನ ಸರದಿಯಲ್ಲಿ ಕೇಳುವುದು ರಾಕ್. ಬೇಸ್ ಗಿಟಾರ್ ಗುಡುಗುತ್ತದೆ, ಒಂದರ ಮೇಲೊಂದು ಪಿಟೀಲು ಪದರ ಕೂರಿಸಿ ಚೀರಿಸಿದ್ದಾರೆ, ರಾಗ ಎನ್ನುವುದು ಹೆಚ್ಚೇನಿಲ್ಲ. ಅವನ ಹಿಂದೆ ಭೂತಗಳ ಒಂದು ತಂಡವೇ ಇದೆ. ಜಾನಿ ನುಡಿಸುವುದು ಹಳ್ಳಿಯ ಕುಣಿತದ ಹಳೆಯ ಧಾಟಿ, ನಡುನಡುವೆ ಜನಪದ ಹಾಡುಗಳ ಚೂರು. ಅಂದರೆ ಪಂದ್ಯ ನಡೆಯುವುದು ರಾಕ್‌ಗೂ ಕಂಟ್ರಿಗೂ ನಡುವೆ. ಕಥೆಯಲ್ಲಿ ಕಂಟ್ರಿ ಗೆಲ್ಲುತ್ತದೆ. ಆದರೆ ಸೈತಾನನೇ ಚೆನ್ನಾಗಿ ನುಡಿಸಿದ ಎನ್ನುವವರು ಬಹಳ ಮಂದಿ ಇದ್ದಾರೆ, ನಾನೂ ಅವರ ಪೈಕಿ. ನುಡಿಸಿದ್ದು ಇಬ್ಬರ ಪರವಾಗಿಯೂ ಡೇನಿಯಲ್ಸ್ ಅವರೇ ತಾನೆ. ಹಾಡು ಕಂಟ್ರಿ ಪಟ್ಟಿಯಲ್ಲಿ 1ನೇ ಸ್ಥಾನಕ್ಕೂ ಪಾಪ್ ಪಟ್ಟಿಯಲ್ಲಿ 3ನೇ ಸ್ಥಾನಕ್ಕೂ ಹೋಯಿತು. ಗ್ರ್ಯಾಮಿ ಬಂತು. ರೇಡಿಯೊಗಾಗಿ ಒಂದು ಬೈಗುಳವನ್ನು ಮಾತ್ರ ಬದಲಿಸಿದ್ದರು. (2007ರಲ್ಲಿ 'ಗಿಟಾರ್ ಹೀರೊ' ಎಂಬ ವಿಡಿಯೊ ಗೇಮ್‌ನಲ್ಲಿ ಈ ಹಾಡಿನ ಹೊಸ ರೂಪ ಬಂತು. ಆಡುವವರು ಸೋತರೆ ಸೈತಾನ ಗೆದ್ದುಬಿಡುತ್ತಿದ್ದ. ಡೇನಿಯಲ್ಸ್‌ಗೆ ಅದು ತಡೆಯಲಾಗಲಿಲ್ಲ, ಬಹಿರಂಗವಾಗಿಯೇ ಆಕ್ಷೇಪಿಸಿದರು.)

ಇಲ್ಲಿಂದ ಮುಂದೆ ಹಾದಿ ತಿರುಗುತ್ತದೆ. 1979ರ ಕೊನೆಯಲ್ಲಿ ಇರಾನ್‌ನಲ್ಲಿ ಅಮೆರಿಕದ ರಾಯಭಾರ ಕಚೇರಿಯವರು ಒತ್ತೆಯಾಳುಗಳಾದರು. ಆ ಸಿಟ್ಟಿನಲ್ಲಿ ಬಂದದ್ದು 1980ರ 'ಇನ್ ಅಮೆರಿಕ'. ನಮ್ಮಲ್ಲೇ ಎಷ್ಟು ಜಗಳವಿದ್ದರೂ ಹೊರಗಿನವರು ಬಂದರೆ ನಾವೆಲ್ಲ ಒಂದು ಎಂಬ ಹಾಡು. ದೇಶಭಕ್ತಿಯ ಹಾಡು, ಆದರೆ ಇನ್ನೂ ಪಕ್ಷದ ಹಾಡಲ್ಲ. 1982ರ 'ಸ್ಟಿಲ್ ಇನ್ ಸೈಗಾನ್' ವಿಯೆಟ್ನಾಂನಿಂದ ಬಂದ ಸೈನಿಕನೊಬ್ಬನ ಕಥೆ. ಮನೆಗೆ ಬಂದು ವರ್ಷಗಳಾದರೂ ಅವನ ತಲೆಯೊಳಗೆ ಯುದ್ಧ ಮುಗಿದಿಲ್ಲ. ಬರೆದವರು ಡ್ಯಾನ್ ಡೇಲಿ, ಹಾಡಿದ್ದು ಡೇನಿಯಲ್ಸ್. ಮರಳಿ ಬಂದ ಸೈನಿಕರ ಮಾತನ್ನು ಯಾರೂ ಕೇಳದಿದ್ದ ಕಾಲದಲ್ಲಿ ಅದು ರೇಡಿಯೊದಲ್ಲಿ ಬಂತು. ಅವರ ಹಾಡುಗಳಲ್ಲಿ ನನ್ನನ್ನು ಜಾಸ್ತಿ ಕಾಡುವುದು ಇದೇ.

ನಂತರ 1988. ಹದಿನೈದು ವರ್ಷದ ಹಿಂದಿನ ತಮ್ಮದೇ ಹಾಡಿಗೆ ಹೊಸ ರೂಪ ಕೊಟ್ಟು 'ಅನೀಸಿ ರೈಡರ್ 88' ತಂದರು. ಈ ಸಲವೂ ಪ್ರಯಾಣ, ಈ ಸಲವೂ ಗೊತ್ತಿಲ್ಲದ ಬಾರ್, ಈ ಸಲವೂ ಜಗಳ, ಪರಾರಿ. ಆದರೆ ಬಾರ್‌ಗೆ ಹೋಗುವವರು ಹಳ್ಳಿಯ ಇಬ್ಬರು ಗಂಡಸರು. ಅದು ಸಲಿಂಗಿಗಳ ಬಾರ್. ನಗು ಪೂರ್ತಿ ಆ ಸಲಿಂಗಿಗಳ ಮೇಲೆ. ಏಡ್ಸ್‌ನಿಂದ ಸಾವಿರಾರು ಜನ ಸಾಯುತ್ತಿದ್ದ ವರ್ಷಗಳವು. ಮೊದಲ ಹಾಡಿನಲ್ಲಿ ಹೊಡೆತಕ್ಕೆ ಸಿಕ್ಕಿಬಿದ್ದವನ ಜೊತೆ ನಿಂತಿದ್ದ ಕಥೆಗಾರ, ಎರಡನೆಯದರಲ್ಲಿ ಕೈ ಎತ್ತುವವನ ಜೊತೆ ನಿಂತಿದ್ದಾನೆ. ಮರುವರ್ಷ 'ಸಿಂಪಲ್ ಮ್ಯಾನ್' ಬಂತು. ಮಾದಕವಸ್ತು ಮಾರುವವರನ್ನು ಮರಕ್ಕೆ ನೇತುಹಾಕಿ, ಮಕ್ಕಳನ್ನು ಕೆಡಿಸುವವರನ್ನು ಮೊಸಳೆಗಳಿರುವ ಕೆಸರಿಗೆ ಬಿಡಿ, ಕೋರ್ಟು ಗೀರ್ಟು ಬೇಡ ಎನ್ನುವ ಧಾಟಿ. ದಕ್ಷಿಣದ ಮರಗಳಿಗೆ ಯಾರನ್ನು ನೇತುಹಾಕಿದ್ದರು ಎಂದು ಗೊತ್ತಿರುವವರಿಗೆ ಇದನ್ನು ಕೇಳುವುದು ಸುಲಭವಲ್ಲ. 2023ರ ಆಲ್ಡೀನ್ ಹಾಡಿಗೆ ನೇರ ಹಿರಿಯ ಇದೇ.

ಒಬ್ಬ ಮನುಷ್ಯ ಯಾಕೆ ಹೀಗೆ ಬದಲಾದ? ವಯಸ್ಸಾಯಿತು, ದುಡ್ಡು ಬಂತು, ದೇವರ ಭಕ್ತಿ ಹೆಚ್ಚಿತು ಎಂದು ಹೇಳಬಹುದು. ಒಂದಿಷ್ಟು ನಿಜವೂ ಹೌದು. ಟೆನೆಸ್ಸಿಯ ಮೌಂಟ್ ಜೂಲಿಯೆಟ್‌ನಲ್ಲಿ ಅವರಿಗೆ ದೊಡ್ಡ ರ‍್ಯಾಂಚ್ ಇತ್ತು. ಬೆಳಿಗ್ಗೆಯೇ ನಶೆ ಮಾಡುವ ಹಳೆಯ ಹಾಡಿನ ಸಾಲನ್ನು ವೇದಿಕೆಯಲ್ಲಿ ಬದಲಿಸಿ ಹಾಡತೊಡಗಿದ್ದರು. ಆದರೆ ಅವರ ಊರುಕೇರಿಯನ್ನೂ ಜೊತೆಗಿಟ್ಟು ನೋಡಬೇಕು. 1976ರಲ್ಲಿ ಹೆಚ್ಚುಕಡಿಮೆ ಇಡೀ ದಕ್ಷಿಣ ಗೆದ್ದ ಕಾರ್ಟರ್, 1980ರಲ್ಲಿ ರೇಗನ್ ಎದುರು ಅಲ್ಲಿ ಉಳಿಸಿಕೊಂಡದ್ದು ತಮ್ಮ ಜಾರ್ಜಿಯಾ ಒಂದನ್ನೇ. ಚರ್ಚುಗಳು ರಾಜಕೀಯಕ್ಕೆ ಇಳಿದಿದ್ದವು. ದಕ್ಷಿಣದ ಬಿಳಿಯರು ಸಾಲುಸಾಲಾಗಿ ರಿಪಬ್ಲಿಕನ್ ಕಡೆ ಹೋದರು. ಅವರೇ ಡೇನಿಯಲ್ಸ್‌ಗೆ ಟಿಕೆಟ್ ಕೊಳ್ಳುವ ಜನ. ಹಾಡುಗಾರ ಮುಂದೆ ಹೋದನೋ ಕೇಳುಗ ಎಳೆದುಕೊಂಡು ಹೋದನೋ ಹೇಳುವುದು ಕಷ್ಟ. ರಾಕ್ ರೇಡಿಯೊ ಆ ಹೊತ್ತಿಗೆ ಸದರ್ನ್ ರಾಕ್ ಅನ್ನು ಕೈಬಿಟ್ಟಿತ್ತು. ಅವರಿಗೆ ಉಳಿದದ್ದು ಕಂಟ್ರಿ ರೇಡಿಯೊ.

ಅವರಲ್ಲಿ ಬದಲಾಗದೆ ಉಳಿದದ್ದೂ ಒಂದಿದೆ. ನಮ್ಮನ್ನು ಹೊರಗಿನವರು ಕೀಳಾಗಿ ನೋಡುತ್ತಾರೆ, ನಾವು ತಲೆ ಬಾಗಿಸಲ್ಲ ಎಂಬ ಹಟ. 1973ರಲ್ಲಿ ಆ 'ನಾವು' ಉದ್ದ ಕೂದಲಿನವರು. 1974ರಲ್ಲಿ ದಕ್ಷಿಣದ ಸಂಗೀತಗಾರರು. 1982ರಲ್ಲಿ ಮರೆತುಹೋದ ಸೈನಿಕರು. 1989ರ ಹೊತ್ತಿಗೆ ಟ್ಯಾಕ್ಸ್ ಕಟ್ಟುವ, ಚರ್ಚಿಗೆ ಹೋಗುವ ಬಿಳಿಯ ಸಂಸಾರಸ್ಥರು. ಹಟ ಅದೇ. ಯಾರಿಗೆ ಅನ್ಯಾಯವಾಗಿದೆ ಎಂಬ ಲೆಕ್ಕ ಬದಲಾಯಿತು. ಕಂಟ್ರಿ ಸಂಗೀತಕ್ಕೂ ಆದದ್ದು ಇದೇ ಅನ್ನುವುದು ನನ್ನ ವಾದ.

2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅವರು ಬರೆದ ಹಾಡು ನಮ್ಮವರಿಗೂ ಸಂಬಂಧಪಟ್ಟದ್ದು. ನಮ್ಮದು ಚಿಂದಿ ಬಟ್ಟೆಯಲ್ಲ, ಬಾವುಟ, ಅದನ್ನು ನಾವು ತಲೆಗೆ ಸುತ್ತಿಕೊಳ್ಳುವುದಿಲ್ಲ ಎಂಬುದು ಅದರ ಸಾರ. ತಲೆಗೆ ಬಟ್ಟೆ ಸುತ್ತುವವರೆಲ್ಲ ಶತ್ರು ಎಂದು ಆ ದಿನಗಳಲ್ಲಿ ಅನೇಕರು ನಂಬಿದ್ದರು. ದಾಳಿಯಾದ ನಾಲ್ಕೇ ದಿನಕ್ಕೆ ಅರಿಜೋನಾದ ಮೇಸಾದಲ್ಲಿ ಪೆಟ್ರೋಲ್ ಬಂಕ್ ಇಟ್ಟುಕೊಂಡಿದ್ದ ಪಂಜಾಬಿನ ಸಿಖ್ಖರೊಬ್ಬರನ್ನು ಪೇಟ ನೋಡಿ ಗುಂಡಿಕ್ಕಿ ಕೊಂದಿದ್ದರು. ಹಾಡು ಬಂದದ್ದು ಆಮೇಲೆ. ಅಕ್ಟೋಬರ್‌ನಲ್ಲಿ ನ್ಯಾಶ್‌ವಿಲ್‌ನಲ್ಲಿ ಸಂತ್ರಸ್ತರ ಸಹಾಯಕ್ಕೆ ಕಂಟ್ರಿ ತಾರೆಯರ ಕಾರ್ಯಕ್ರಮವಿತ್ತು. ನೇರಪ್ರಸಾರ ಮಾಡುತ್ತಿದ್ದದ್ದು ಸಿಎಂಟಿ. ಈ ಹಾಡು ಬೇಡ ಎಂದು ಹೇಳಿದ್ದಕ್ಕೆ ಡೇನಿಯಲ್ಸ್ ಕಾರ್ಯಕ್ರಮದಿಂದಲೇ ಹಿಂದೆ ಸರಿದರು. ಹಾಡು ನಿಲ್ಲಿಸಿದರೆ ಹಾಡಿಗೇ ಲಾಭ ಎಂಬ ಲೆಕ್ಕ 2023ರಲ್ಲಿ ಹೊಸದಾಗಿ ಹುಟ್ಟಿದ್ದಲ್ಲ.

ಎರಡು ವರ್ಷದ ನಂತರ ಬಾಣ ಇನ್ನೊಂದು ದಿಕ್ಕಿಗೆ ತಿರುಗಿತು. 2003ರ ಮಾರ್ಚ್‌ನಲ್ಲಿ ಲಂಡನ್‌ನ ವೇದಿಕೆಯ ಮೇಲೆ ಡಿಕ್ಸಿ ಚಿಕ್ಸ್ ತಂಡದ ನ್ಯಾಟಲಿ ಮೇನ್ಸ್, ಅಧ್ಯಕ್ಷ ಬುಷ್ ನಮ್ಮ ಟೆಕ್ಸಸ್‌ನವರು ಎನ್ನಲು ನಾಚಿಕೆಯಾಗುತ್ತದೆ ಅಂದರು. ಕಂಟ್ರಿ ಸ್ಟೇಷನ್‌ಗಳು ಅವರ ಹಾಡು ನಿಲ್ಲಿಸಿಬಿಟ್ಟವು. ಇದು ಇಷ್ಟು ಬೇಗ ಇಷ್ಟು ವ್ಯಾಪಕವಾಗಿ ಆಗಲು ಒಂದು ಕಾರಣ 1996ರ ಟೆಲಿಕಮ್ಯುನಿಕೇಷನ್ಸ್ ಕಾಯ್ದೆ. ಒಂದು ಕಂಪನಿ ದೇಶದಲ್ಲಿ ಇಷ್ಟೇ ರೇಡಿಯೊ ಸ್ಟೇಷನ್ ಇಟ್ಟುಕೊಳ್ಳಬಹುದು ಎಂಬ ಮಿತಿಯನ್ನು ಆ ಕಾಯ್ದೆ ತೆಗೆದುಹಾಕಿತ್ತು. ಕ್ಲಿಯರ್ ಚಾನೆಲ್ ಒಂದರ ಕೈಯಲ್ಲೇ ಸಾವಿರಕ್ಕೂ ಹೆಚ್ಚು ಸ್ಟೇಷನ್ ಸೇರಿದವು. ಯಾವ ಹಾಡು ಬರಬೇಕು ಎಂದು ಊರೂರಿನ ಡಿಜೆ ಹೇಳುವ ಕಾಲ ಹೋಯಿತು. ನಮ್ಮ ಕೇಳುಗರು ಇಂಥವರು, ಅವರಿಗೆ ಇಂಥದ್ದು ಹಿಡಿಸಲ್ಲ ಎಂದು ಕೇಂದ್ರ ಕಚೇರಿಯೇ ತೀರ್ಮಾನಿಸಿತು. ಚಿಕ್ಸ್ ಕಥೆ ನೋಡಿದ ಮೇಲೆ ಉಳಿದ ಕಂಟ್ರಿಯವರು ಬಾಯಿ ಮುಚ್ಚಿಕೊಂಡರು. ಬಲ ಕಡೆಗೆ ಮಾತಾಡಿದರೆ ಮಾತ್ರ ಅಪಾಯವಿಲ್ಲ ಎಂದಾಯಿತು.

ಡೇನಿಯಲ್ಸ್ ಅಂತೂ ಸುಮ್ಮನಿರುವವರಲ್ಲ. ಇರಾಕ್ ಯುದ್ಧವನ್ನು ವಿರೋಧಿಸಿದ ಹಾಲಿವುಡ್‌ನವರಿಗೆ ಬಹಿರಂಗ ಪತ್ರ ಬರೆದರು. ಇರಾಕ್‌ಗೆ ಹೋಗಿ ಸೈನಿಕರಿಗೆ ನುಡಿಸಿದರು. ಬಂದೂಕಿನ ಹಕ್ಕಿನ ಪರ ನಿಂತರು. ಟ್ವಿಟರ್‌ನಲ್ಲಿ ಬೆಂಗಾಜಿ ಘಟನೆಯನ್ನು (2012ರಲ್ಲಿ ಲಿಬಿಯಾದಲ್ಲಿ ಅಮೆರಿಕದ ಕಚೇರಿಯ ಮೇಲೆ ನಡೆದ ದಾಳಿ) ಮರೆಯಲ್ಲ ಎಂದು ದಿನವೂ ಬರೆಯುತ್ತಿದ್ದರು. ಅದೇ ಖಾತೆಯಲ್ಲಿ ದಿನಕ್ಕೆ ಇಷ್ಟು ಮಾಜಿ ಸೈನಿಕರು ಆತ್ಮಹತ್ಯೆ ಮಾಡಿಕೊಳ್ಳುತ್ತಿದ್ದಾರೆ, ನೋಡಿ ಎಂದೂ ದಿನವೂ ಬರೆಯುತ್ತಿದ್ದರು. ಅದು ಬರೀ ಬರಹ ಅಲ್ಲ. ಮಾಜಿ ಸೈನಿಕರಿಗಾಗಿ 2014ರಲ್ಲಿ ತಮ್ಮ ಮ್ಯಾನೇಜರ್ ಜೊತೆ ಸೇರಿ 'ಜರ್ನಿ ಹೋಮ್ ಪ್ರಾಜೆಕ್ಟ್' ಶುರುಮಾಡಿದ್ದರು.

ಅವರು ತೀರಿಕೊಂಡಾಗ ಕಾರ್ ರೇಸಿನ ನಾಸ್ಕಾರ್ ಸಂಸ್ಥೆ ಕಾನ್ಫೆಡರೇಟ್ ಬಾವುಟ ನಿಷೇಧಿಸಿ ಒಂದು ತಿಂಗಳೂ ಆಗಿರಲಿಲ್ಲ. ಡಿಕ್ಸಿ ಚಿಕ್ಸ್ ತಮ್ಮ ಹೆಸರಿನಿಂದ 'ಡಿಕ್ಸಿ' (ಕಾನ್ಫೆಡರೇಟ್ ದಕ್ಷಿಣದ ಹಳೆಯ ಹೆಸರು) ತೆಗೆದು ಎರಡು ವಾರವೂ ಆಗಿರಲಿಲ್ಲ. ಸದರ್ನ್ ರಾಕ್‌ನ ಮೊದಲ ತಲೆಮಾರು ಆಮೇಲೆ ಬೇಗಬೇಗ ಖಾಲಿಯಾಯಿತು. 2023ರಲ್ಲಿ ಲಿನರ್ಡ್ ಸ್ಕಿನರ್ಡ್‌ನ ಗ್ಯಾರಿ ರಾಸಿಂಗ್ಟನ್, 2024ರಲ್ಲಿ ಆಲ್‌ಮನ್ ಬ್ರದರ್ಸ್‌ನ ಡಿಕಿ ಬೆಟ್ಸ್.

ಮತ್ತೆ ಬಿಯಾನ್ಸೆ ವಿಷಯ. ಅವರ ಆ ಕಂಟ್ರಿ ಹಾಡಿನಲ್ಲಿ ಬ್ಯಾಂಜೊ ಎಂಬ ತಂತಿವಾದ್ಯ ನುಡಿಸಿರುವುದು ರಿಯಾನನ್ ಗಿಡೆನ್ಸ್. ನಾರ್ತ್ ಕ್ಯಾರೊಲೈನಾದ ಗ್ರೀನ್ಸ್‌ಬರೊದವರು. ಅವರು ಹಳೆಯ ಪಿಟೀಲು, ಬ್ಯಾಂಜೊ ಧಾಟಿಗಳನ್ನು ಕಲಿತದ್ದು ಜೋ ಥಾಂಪ್ಸನ್ ಎಂಬ ಕಪ್ಪು ಪಿಟೀಲುಗಾರರಿಂದ. ಥಾಂಪ್ಸನ್ ಇದ್ದದ್ದು ಮೆಬೇನ್ ಊರಿನ ಹತ್ತಿರ. 1918ರಲ್ಲಿ ಹುಟ್ಟಿ 2012ರವರೆಗೆ ಬದುಕಿದ್ದರು. ಡೇನಿಯಲ್ಸ್ ಪಿಟೀಲು ಹಿಡಿದ ಗಲ್ಫ್ ಊರೂ ಅದೇ ನಡುಭಾಗದ್ದು, ಕಾರಿನಲ್ಲಿ ಹೋದರೆ ದೂರವೇನಲ್ಲ. ಬ್ಯಾಂಜೊ ಆಫ್ರಿಕಾದಿಂದ ಗುಲಾಮರ ಜೊತೆ ಬಂದದ್ದು. ತೋಟದ ಧಣಿಗಳ ಕುಣಿತಕ್ಕೆ ಪಿಟೀಲು ನುಡಿಸುತ್ತಿದ್ದವರಲ್ಲಿ ಗುಲಾಮರೇ ಬಹಳ ಮಂದಿ. ಎರಡು ಮನೆಗಳಲ್ಲೂ ಒಂದೇ ಧಾಟಿ ಕೇಳುತ್ತಿದ್ದ ಸೀಮೆ ಅದು.

ಬೇರೆಬೇರೆ ಮಾಡಿದ್ದು ರೆಕಾರ್ಡ್ ಕಂಪನಿಗಳು. 1923ರಲ್ಲಿ ಒಕೆ ಕಂಪನಿಯ ರಾಲ್ಫ್ ಪೀರ್ ಅಟ್ಲಾಂಟಾಕ್ಕೆ ಬಂದು ಫಿಡ್ಲಿನ್ ಜಾನ್ ಕಾರ್ಸನ್ ಎಂಬ ಬಿಳಿಯ ಪಿಟೀಲುಗಾರನ ಹಾಡು ರೆಕಾರ್ಡ್ ಮಾಡಿದರು. ಅದು ಮಾರಾಟವಾಯಿತು. ಕಂಟ್ರಿಯ ವ್ಯಾಪಾರ ಶುರುವಾದದ್ದು ಅಲ್ಲಿಂದ. ಕಾರ್ಸನ್ ಕ್ಲಾನ್ ಸಭೆಗಳಲ್ಲೂ ನುಡಿಸಿದವರು. ಆ ದಶಕದಲ್ಲಿ ಕಂಪನಿಗಳು ಎರಡು ಕ್ಯಾಟಲಾಗ್ ಮಾಡಿದವು. ಬಿಳಿಯರಿಗೆ ಮಾರುವ ಹಳ್ಳಿ ಹಾಡು ಒಂದರಲ್ಲಿ, ಕಪ್ಪು ಜನರಿಗೆ ಮಾರುವ ಬ್ಲೂಸ್ ಇನ್ನೊಂದರಲ್ಲಿ. ಕಪ್ಪು ಪಿಟೀಲುಗಾರರು ಎರಡರಲ್ಲೂ ಸರಿಯಾಗಿ ಸಲ್ಲಲಿಲ್ಲ, ಹಾಗಾಗಿ ಬಹಳಷ್ಟು ಮಂದಿ ರೆಕಾರ್ಡ್ ಆಗಲೇ ಇಲ್ಲ. ರೆಕಾರ್ಡ್ ಇಲ್ಲದ್ದನ್ನು ನೋಡಿ ಮುಂದಿನ ತಲೆಮಾರು, ಇದು ಅವರ ಸಂಗೀತವೇ ಅಲ್ಲ ಅಂದುಕೊಂಡಿತು.

ಈಗ ಆ ಗೋಡೆಯಲ್ಲಿ ಬಿರುಕು ಬಂದಿರುವುದು ಯಾರ ಮನಸ್ಸು ಕರಗಿದ್ದರಿಂದಲೂ ಅಲ್ಲ, ಎಣಿಸುವ ರೀತಿ ಬದಲಾದದ್ದರಿಂದ. 2012ರಿಂದ ಬಿಲ್‌ಬೋರ್ಡ್‌ನ ಮುಖ್ಯ ಕಂಟ್ರಿ ಪಟ್ಟಿಗೆ ರೇಡಿಯೊ ಜೊತೆ ಸ್ಟ್ರೀಮಿಂಗ್, ಮಾರಾಟದ ಲೆಕ್ಕವೂ ಸೇರುತ್ತದೆ. ಬಿಯಾನ್ಸೆ ಅವರ ಹಾಡು ಮೊದಲ ಸ್ಥಾನಕ್ಕೆ ಬಂದದ್ದು ಅಲ್ಲಿ. ರೇಡಿಯೊ ಒಂದನ್ನೇ ಎಣಿಸುವ ಪಟ್ಟಿಯಲ್ಲಿ ಅದು ಮೊದಲ 30ರೊಳಗೂ ಬರಲಿಲ್ಲ. ಅದೇ 2024ರಲ್ಲಿ ನೈಜೀರಿಯಾ ಮೂಲದ ಕುಟುಂಬದ ಷಬೂಝಿ ಅವರ ಬಾರ್ ಹಾಡು 19 ವಾರ ದೇಶದ ಮುಖ್ಯ ಪಟ್ಟಿಯ ಮೊದಲ ಸ್ಥಾನದಲ್ಲಿತ್ತು. ಅದನ್ನು ಕಂಟ್ರಿ ರೇಡಿಯೊ ಕೂಡ ಹಾಕಿತು. ಕುಡಿತದ ಹಾಡಿಗೆ ತೆರೆದ ಬಾಗಿಲು ಕಪ್ಪು ಜನರ ಚರಿತ್ರೆ ಹೇಳುವ ಆಲ್ಬಂಗೆ ತೆರೆಯಲಿಲ್ಲ ಎಂಬುದನ್ನು ಗಮನಿಸಬೇಕು.

ಡೇನಿಯಲ್ಸ್ 2016ರಲ್ಲಿ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್‌ಗೆ ಸೇರಿದರು. ಆಗ ಅವರಿಗೆ 80 ತುಂಬುತ್ತಿತ್ತು. ಅದಕ್ಕೆ ಎರಡು ವರ್ಷ ಮೊದಲು ಅವರು ತಂದ ಒಂದು ಆಲ್ಬಂ ಇದೆ, ಹೆಚ್ಚು ಜನ ಕೇಳಿಲ್ಲ. 'ಆಫ್ ದ ಗ್ರಿಡ್'. ಪೂರ್ತಿ ಡಿಲನ್ ಹಾಡುಗಳು. ಗುಡುಗುವ ವಿದ್ಯುತ್ ಗಿಟಾರ್ ಇಲ್ಲದೆ, ಮರದ ವಾದ್ಯಗಳಲ್ಲೇ ನುಡಿಸಿದ್ದು. ಅರವತ್ತರ ದಶಕದ ಪ್ರತಿಭಟನೆಯ ಹಾಡುಗಳೂ ಅದರಲ್ಲಿವೆ. ಟ್ವಿಟರ್‌ನ ಆ ಮನುಷ್ಯನೇ ಇವನ್ನು ಹಾಡಿದ್ದಾರೆ ಎಂದರೆ ನಂಬಲು ಹೊತ್ತು ಹಿಡಿಯುತ್ತದೆ. ಪಿಟೀಲು ಚೆನ್ನಾಗಿದೆ, ದನಿ ಸ್ವಲ್ಪ ಒಡೆದಿದೆ. ಅವರನ್ನು ಹೊಸದಾಗಿ ಕೇಳುವವರು 1974ರ ಆಲ್ಬಂ ಜೊತೆ ಇದನ್ನೂ ಹಾಕಿಕೊಳ್ಳಿ. 'ಸಿಂಪಲ್ ಮ್ಯಾನ್' ಕೂಡ ಬಿಡಬೇಡಿ.